ತೆಗೆದ ಬಲ್ಬನ್ನು ಮತ್ತೆ ಪೆಟ್ಟಿಗೆಗೆ ಹಾಕುವುದು

ಆ ಕುರ್ಚಿಯ ಮೂರು ಕಾಲುಗಳು ನೆಟ್ಟಗಿದ್ದವು. ನಾಲ್ಕನೆಯದರ ಕೆಳಗೆ ರಟ್ಟಿನ ಚೂರೊಂದನ್ನು ಮಡಚಿ ಇಟ್ಟಿದ್ದರು. ರಟ್ಟು ಸವೆದರೆ ಕುರ್ಚಿ ಕಟಕ್ ಎನ್ನುತ್ತಿತ್ತು. ಆಗ ಹೊಸ ರಟ್ಟು ಹುಡುಕಬೇಕು. ಹತ್ತೊಂಬತ್ತು ವರ್ಷ, ಸರಿಯಾಗಿ ಹೇಳಬೇಕೆಂದರೆ ಹತ್ತೊಂಬತ್ತು ವರ್ಷ ಎರಡು ತಿಂಗಳು, ಕಣ್ಣಕ್ಕ ಅದೇ ಕುರ್ಚಿಯಲ್ಲಿ ಕೂತು ಬಲ್ಬು ಪರೀಕ್ಷೆ ಮಾಡಿದ್ದಳು.

ಬಲ್ಬಿನ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕಣ್ಣಕ್ಕ ಎಂದೇ ಕರೆಯುತ್ತಿದ್ದರು. ಅದಕ್ಕೆ ಕಾರಣವಿತ್ತು. ಒಂದು ಪೆಟ್ಟಿಗೆಯಲ್ಲಿ ಐವತ್ತು ಬಲ್ಬು. ಒಂದೊಂದನ್ನೇ ತೆಗೆದು ಮೇಜಿನ ಮೇಲಿನ ಹಿತ್ತಾಳೆಯ ಹೋಲ್ಡರಿಗೆ ಸಿಕ್ಕಿಸಿ, ಬಲಗಾಲಿನಿಂದ ಕೆಳಗಿನ ಪೆಡಲ್ ಒತ್ತಬೇಕು. ನೆಟ್ಟಗೆ ಉರಿದರೆ ಮರಳಿ ಪೆಟ್ಟಿಗೆಗೆ. ಉರಿಯದಿದ್ದರೆ, ಅಥವಾ ಮಿಣುಕಿದರೆ, ಪಕ್ಕದ ಕೆಂಪು ಬುಟ್ಟಿಗೆ. ಆದರೆ ಕಣ್ಣಕ್ಕನಿಗೆ ಹೋಲ್ಡರಿನವರೆಗೆ ಹೋಗುವ ಅಗತ್ಯವೇ ಇರಲಿಲ್ಲ. ಬಲ್ಬನ್ನು ಕಿಟಕಿಯ ಬೆಳಕಿಗೆ ಒಮ್ಮೆ ತಿರುಗಿಸಿ, ಕಿವಿಯ ಹತ್ತಿರ ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗಿನ ತಂತಿ ಸಡಿಲವಾಗಿದೆಯೋ ಇಲ್ಲವೋ ಗೊತ್ತಾಗುತ್ತಿತ್ತು. ಪೆಡಲ್ ಒತ್ತುವುದು ಬರೀ ಶಾಸ್ತ್ರಕ್ಕೆ.

ಅವಳು ಕೆಲಸಕ್ಕೆ ಸೇರಿದ ಎರಡನೇ ವರ್ಷ, ಕೆಂಪು ಬುಟ್ಟಿಯ ಒಂದು ಬಲ್ಬು ಹೇಗೋ ಕೈತಪ್ಪಿ ಒಳ್ಳೆಯವುಗಳ ಜೊತೆ ಸೇರಿಬಿಟ್ಟಿತ್ತು. ಆಗಿನ ಮೇಲ್ವಿಚಾರಕ, ಮೀಸೆ ಮುದುಕ, ಆ ದಿನದ ಅಷ್ಟೂ ಪೆಟ್ಟಿಗೆಗಳನ್ನು ವಾಪಸ್ ತರಿಸಿ ಅವಳ ಮುಂದೆ ಪೇರಿಸಿದ. “ನೋಡಮ್ಮಾ, ಕೆಂಪು ಬುಟ್ಟಿಗೆ ಹೋದದ್ದು ಹೋಯ್ತು. ಸತ್ತವರು ಎದ್ದು ಬಂದು ಊಟಕ್ಕೆ ಕೂರ್ತಾರಾ?” ಅಂದ. ಅವಳು ಅಳುತ್ತಾ ಎಲ್ಲವನ್ನೂ ಮೊದಲಿಂದ ನೋಡಿದಳು. ಅಲ್ಲಿಂದೀಚೆಗೆ ಅವಳ ಕೈ ಒಂದು ಕೆಟ್ಟ ಬಲ್ಬನ್ನೂ ಪೆಟ್ಟಿಗೆಗೆ ಮರಳಿ ಹಾಕಿರಲಿಲ್ಲ. ಅದು ನಿಯಮ ಎಂದು ನೆನಪಿಟ್ಟುಕೊಳ್ಳುವ ಕಾಲವೂ ಮುಗಿದಿತ್ತು, ಕೈಗೇ ಗೊತ್ತಿತ್ತು.

ನಲವತ್ತೇಳರ ಹೊತ್ತಿಗೆ ಅವಳ ಎಡ ಮಂಡಿ ಕೆಟ್ಟಿತು. ಬಸ್ಸಿನ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಮೈಯನ್ನು ಎಳೆದುಕೊಳ್ಳಬೇಕಾಗಿತ್ತು. ಡಾಕ್ಟರು ಮಂಡಿಯನ್ನು ಒತ್ತಿ, ಬಗ್ಗಿಸಿ ನೋಡಿ ಕೇಳಿದರು, “ಏನು ಕೆಲಸ ನಿಮ್ಮದು?”

“ಬಲ್ಬು ಚೆಕ್ಕಿಂಗು ಸಾರ್. ಕೂತ್ಕೊಂಡು ಮಾಡೋದು.”

“ಪುಣ್ಯವಂತರು. ನಿಂತು ಮಾಡೋ ಕೆಲಸ ಆಗಿದ್ರೆ ಇಷ್ಟು ಹೊತ್ತಿಗೆ ಕೈಗೆ ಕೋಲು ಬರ್ತಿತ್ತು. ಆ ಕುರ್ಚಿನ ಮಾತ್ರ ಬಿಡಬೇಡಿ.”

ಇದಾಗಿ ಎರಡು ತಿಂಗಳಿಗೆ, ಆ ಕುರ್ಚಿಯನ್ನೇ ಬಿಡಬೇಕಾಗಬಹುದು ಎಂಬ ಸುದ್ದಿ ಬಂತು.

ಈಗಿನ ಮೇಲ್ವಿಚಾರಕ ಮೂವತ್ತರ ಆಸುಪಾಸಿನ ಮನುಷ್ಯ. ದನಿ ಏರಿಸಿದವನಲ್ಲ. ಆದರೆ ಮಾತಾಡುವಾಗ ಕೈಯಲ್ಲಿದ್ದ ಹಲಗೆಯ ಮೇಲಿನ ಕಾಗದವನ್ನೇ ನೋಡುತ್ತಿದ್ದ. ಬಲ್ಬು ಪರೀಕ್ಷಿಸುವ ಹನ್ನೊಂದು ಜನರನ್ನೂ ನಿಲ್ಲಿಸಿಕೊಂಡು ಓದಿದ: ಇನ್ನು ಮುಂದೆ ಎಲ್ಲ ಬಲ್ಬನ್ನೂ ಉರಿಸಿ ನೋಡುವುದಿಲ್ಲ. ಐವತ್ತರ ಪೆಟ್ಟಿಗೆಯಿಂದ ಐದನ್ನು ಮಾತ್ರ ತೆಗೆಯುವುದು. ಐದೂ ಉರಿದರೆ ಪೆಟ್ಟಿಗೆ ಪಾಸು. ಒಂದು ಕೆಟ್ಟರೂ ಇಡೀ ಪೆಟ್ಟಿಗೆ ವಾಪಸು. ಈ ಕೆಲಸಕ್ಕೆ ನಾಲ್ಕು ಜನ ಸಾಕು. ಆ ನಾಲ್ವರಿಗೆ ಲೆಕ್ಕ ಬರಬೇಕು, ಆದ್ದರಿಂದ ಆರು ವಾರದ ನಂತರ ಬರೆಯುವ ಪರೀಕ್ಷೆ. ಶಾಲೆಯ ಗಣಿತ, ಅದರಲ್ಲೂ ಸಂಭವನೀಯತೆ ಎಂಬ ಪಾಠ. ಉಳಿದ ಏಳು ಜನ ಪ್ಯಾಕಿಂಗಿಗೆ.

ಪ್ಯಾಕಿಂಗ್ ಎಂದರೆ ಸಿಮೆಂಟು ನೆಲದ ಮೇಲೆ ಎಂಟು ಗಂಟೆ ನಿಲ್ಲುವುದು. ಅಲ್ಲಿ ಒಂದು ಸ್ಟೂಲ್ ಕೂಡ ಇರಲಿಲ್ಲ.

“ಸಂಭವ... ಏನದು?” ಎಂದು ಪಕ್ಕದ ಮೇಜಿನವಳು ಕೇಳಿದಳು. ಇವಳ ಬಾಯಿ ಒಮ್ಮೆ ಹತ್ತಿಕೊಂಡರೆ ಪೂರ್ತಿ ಸಿಡಿದೇ ನಿಲ್ಲುತ್ತಿತ್ತು, ಅದಕ್ಕೇ ಪಟಾಕಿ ಎಂದು ಹೆಸರು. ಕಣ್ಣಕ್ಕನಿಗಿಂತ ನಾಲ್ಕು ವರ್ಷ ಚಿಕ್ಕವಳು, ಹದಿನಾಲ್ಕು ವರ್ಷದಿಂದ ಪಕ್ಕದ ಮೇಜು.

“ಆಗಬಹುದಾ, ಆಗಲ್ವಾ ಅಂತ ಲೆಕ್ಕ ಹಾಕೋದಂತೆ,” ಎಂದಳು ಕಣ್ಣಕ್ಕ.

“ನಮ್ಮಿಬ್ಬರದ್ದೂ ಆಗಲ್ಲ. ನೋಡು, ಪುಸ್ತಕ ತೆಗೆಯದೇ ಉತ್ತರ ಹೇಳ್ಬಿಟ್ಟೆ!”

ಕಣ್ಣಕ್ಕ ಶಾಲೆ ಬಿಟ್ಟದ್ದು ಎಂಟನೇ ತರಗತಿಯಲ್ಲಿ. ಅವಳ ಮಗಳು ಈಗ ಹನ್ನೊಂದನೇ ತರಗತಿ. ಮನೆಯಲ್ಲಿದ್ದದ್ದು ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಗಂಡನ ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಸಂಜೆ ಆರಕ್ಕೆ ಆ ಮೇಜಿನ ಒಂದು ತುದಿಯಲ್ಲಿ ತಾಯಿ ಮಗಳು ಕೂತರು. ಇನ್ನೊಂದು ತುದಿಯಲ್ಲಿ ಗಂಡ ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದ.

“ಮೊದಲು ಇದನ್ನ ಓದು,” ಎಂದಳು ಮಗಳು.

ಕಣ್ಣಕ್ಕ ಬೆರಳಿಟ್ಟು ಓದಿದಳು. “ಒಂದು ಪೆಟ್ಟಿಗೆಯಲ್ಲಿ ಹನ್ನೆರಡು ಬಲ್ಬುಗಳಿದ್ದು, ಅವುಗಳಲ್ಲಿ ಮೂರು ದೋಷಪೂರಿತವಾಗಿವೆ. ಯಾ... ಯಾದೃ...”

“ಯಾದೃಚ್ಛಿಕವಾಗಿ. ಅಂದ್ರೆ ಆರಿಸದೆ. ಕಣ್ಣು ಮುಚ್ಚಿ ತೆಗೆದ ಹಾಗೆ.”

“ಕಣ್ಣು ಮುಚ್ಚಿ ಯಾರು ತೆಗೀತಾರೆ? ಕಣ್ಣು ಯಾಕಿರೋದು?”

“ಅಮ್ಮಾ, ಇದು ಲೆಕ್ಕ. ಓದು ಮುಂದೆ.”

“...ಮೂರು ಬಲ್ಬುಗಳನ್ನು ತೆಗೆದರೆ, ಕನಿಷ್ಠ ಒಂದು ದೋಷಪೂರಿತವಾಗಿರುವ ಸಂಭವನೀಯತೆ ಎಷ್ಟು? ಹನ್ನೆರಡಕ್ಕೆ ಮೂರು ಕೆಟ್ಟದ್ದಾ? ಮಗಾ, ಆ ಕಾರ್ಖಾನೆ ಮುಚ್ಚಬೇಕು. ನಮ್ಮಲ್ಲಿ ಐವತ್ತಕ್ಕೆ ಮೂರು.”

ಗಂಡ ಹಲ್ಲಿನಲ್ಲಿ ದಾರ ಹಿಡಿದೇ ನಕ್ಕ.

ಮಗಳು ಲೆಕ್ಕದ ಕೀಲಿ ತೋರಿಸಿಕೊಟ್ಟಳು. ಕನಿಷ್ಠ ಒಂದು ಎಂದರೆ ಒಂದು, ಎರಡು, ಮೂರು, ಎಲ್ಲವನ್ನೂ ಎಣಿಸುತ್ತಾ ಕೂರಬೇಡ. ಒಂದೂ ಕೆಟ್ಟದ್ದು ಬಾರದಿರುವುದನ್ನು ಎಣಿಸು, ಅದನ್ನು ಒಂದರಿಂದ ಕಳೆ. ಮೊದಲನೆಯದು ಒಳ್ಳೆಯದಾಗಿರಲು ಹನ್ನೆರಡರಲ್ಲಿ ಒಂಬತ್ತು. ಅದು ಹೊರಗೆ ಬಂತು, ಇನ್ನು ಹನ್ನೊಂದರಲ್ಲಿ ಎಂಟು. ಆಮೇಲೆ ಹತ್ತರಲ್ಲಿ ಏಳು. ಗುಣಿಸಿ, ಹೊಡೆದು ಹಾಕಿದರೆ ಐವತ್ತೈದರಲ್ಲಿ ಇಪ್ಪತ್ತೊಂದು. ಒಂದರಿಂದ ಕಳೆದರೆ ಐವತ್ತೈದರಲ್ಲಿ ಮೂವತ್ತನಾಲ್ಕು.

ಇದು ಕಣ್ಣಕ್ಕನಿಗೆ ಬೇಗ ಹತ್ತಿತು. ಬಲ್ಬು ಒಂದೊಂದೇ ಹೊರಬರುವುದು, ಪೆಟ್ಟಿಗೆಯಲ್ಲಿ ಒಂದೊಂದೇ ಕಡಿಮೆಯಾಗುವುದು, ಅದೆಲ್ಲ ಅವಳು ದಿನಾ ನೋಡುವುದೇ. ಎರಡು ವಾರದಲ್ಲಿ ಇಂಥ ಲೆಕ್ಕಗಳನ್ನು ಅವಳು ಮಗಳ ಸಹಾಯವಿಲ್ಲದೆ ಬಿಡಿಸತೊಡಗಿದಳು. ನಿಧಾನ, ಆದರೆ ತಪ್ಪಿಲ್ಲ. ಪೆನ್ಸಿಲಿನಿಂದ ಬರೆದು, ಮೊದಲಿಂದ ಮತ್ತೊಮ್ಮೆ ನೋಡಿ, ಆಮೇಲೆ ಪೆನ್ನಿನಿಂದ ತಿದ್ದುತ್ತಿದ್ದಳು.

ಸಿಕ್ಕಿಹಾಕಿಕೊಂಡದ್ದು ಇನ್ನೊಂದು ಬಗೆಯ ಲೆಕ್ಕದಲ್ಲಿ. ಹತ್ತು ಬಲ್ಬು, ಮೂರು ಕೆಟ್ಟವು. ಒಂದನ್ನು ತೆಗೆದು ನೋಡಿ, ಮತ್ತೆ ಪೆಟ್ಟಿಗೆಗೆ ಹಾಕಿ, ಎರಡನೆಯದನ್ನು ತೆಗೆದರೆ, ಎರಡೂ ಸಲ ಕೆಟ್ಟದ್ದೇ ಸಿಗುವ ಸಂಭವನೀಯತೆ ಎಷ್ಟು?

ಕಣ್ಣಕ್ಕ ಹತ್ತರಲ್ಲಿ ಮೂರು, ಒಂಬತ್ತರಲ್ಲಿ ಎರಡು ಎಂದು ಬರೆದು ಗುಣಿಸಿ, ಹದಿನೈದರಲ್ಲಿ ಒಂದು ಎಂದಳು.

“ತಪ್ಪು. ಮತ್ತೆ ಹಾಕಿ ಅಂತಿದೆ ನೋಡು. ಎರಡನೇ ಸಲಾನೂ ಹತ್ತರಲ್ಲಿ ಮೂರೇ. ನೂರರಲ್ಲಿ ಒಂಬತ್ತು.”

“ಹೌದಲ್ಲ,” ಎಂದಳು ಕಣ್ಣಕ್ಕ. ಮರುದಿನ ಅಂಥದ್ದೇ ಲೆಕ್ಕ ಕೊಟ್ಟರೆ ಮತ್ತೆ ಅದೇ ತಪ್ಪು. ಅದರ ಮರುದಿನವೂ. ಗೋಲಿಯ ಲೆಕ್ಕ ಕೊಟ್ಟರೆ ಸರಿ ಬರುತ್ತಿತ್ತು, ಇಸ್ಪೀಟೆಲೆ ಕೊಟ್ಟರೂ ಸರಿ. ಬಲ್ಬು ಎಂದಿದ್ದರೆ ಮಾತ್ರ ಒಂಬತ್ತರಲ್ಲಿ ಎರಡು.

“ಅಮ್ಮಾ, ನಿನಗೆ ಕನ್ನಡ ಓದೋಕೆ ಬರಲ್ವಾ? ‘ಮತ್ತೆ ಪೆಟ್ಟಿಗೆಗೆ ಹಾಕಿ’ ಅಂತ ಇಷ್ಟು ದಪ್ಪ ಅಕ್ಷರದಲ್ಲಿದೆ.”

“ಓದ್ತೀನಿ ಕಣೇ. ಓದಿದ್ದು ಕೈವರೆಗೆ ಬರಲ್ಲ.”

“ಕೈ ಯಾಕೆ? ತಲೆಯಿಂದ ಮಾಡು.”

“ತಲೆಯಿಂದ ಮಾಡಿದ್ರೆ ಸಂಜೆ ಹೊತ್ತಿಗೆ ಎಷ್ಟು ಪೆಟ್ಟಿಗೆ ಮುಗಿಯುತ್ತೆ ಹೇಳು.”

ಮಗಳು ಪುಸ್ತಕ ಮುಚ್ಚಿದಳು. ಆಮೇಲೆ ಎದ್ದು ಅಪ್ಪನ ಗುಂಡಿ ಡಬ್ಬಿ ತಂದಳು. ಏಳು ಬಿಳಿ ಗುಂಡಿ, ಮೂರು ಕಪ್ಪು ಗುಂಡಿ ಆರಿಸಿ ಒಂದು ಸ್ಟೀಲ್ ಲೋಟಕ್ಕೆ ಹಾಕಿ, “ಬಿಳಿಯದು ಒಳ್ಳೆ ಬಲ್ಬು, ಕಪ್ಪು ಕೆಟ್ಟದ್ದು. ತೆಗಿ,” ಎಂದಳು.

ಕಣ್ಣಕ್ಕ ತೆಗೆದಳು. ಬಿಳಿ. ಮರಳಿ ಲೋಟಕ್ಕೆ ಹಾಕಿದಳು. ಮತ್ತೆ ತೆಗೆದಳು. ಕಪ್ಪು. ಅವಳ ಕೈ ಸೀದಾ ಬಲಕ್ಕೆ ಹೋಗಿ, ಕೆಂಪು ಬುಟ್ಟಿ ಇರಬೇಕಾದ ಜಾಗದಲ್ಲಿ ಗುಂಡಿಯನ್ನು ಬಿಟ್ಟಿತು. ಗುಂಡಿ ನೆಲಕ್ಕೆ ಬಿದ್ದು ಮಿಷನ್ನಿನ ಕೆಳಗೆ ಉರುಳಿತು.

“ವಾಪಸ್ ಹಾಕಮ್ಮಾ!”

“ಅಯ್ಯೋ, ಹೌದು.”

ಇನ್ನೊಂದು ಕಪ್ಪು ಬಂತು. ಅದೂ ನೆಲಕ್ಕೆ.

“ರೀ ನೋಡ್ರೀ, ನನ್ನ ಕೈ!” ಎಂದಳು ಕಣ್ಣಕ್ಕ, ತನ್ನ ಕೈಯನ್ನೇ ಬೇರೆ ಯಾರದೋ ಎಂಬಂತೆ ಎತ್ತಿ ತೋರಿಸುತ್ತಾ.

“ನೋಡ್ದೆ. ಅದು ಕೋಟಿನ ಗುಂಡಿ ಕಣೇ, ಒಂದು ಸೆಟ್ಟಿಗೆ ಆರೇ ಇರೋದು,” ಎಂದ ಗಂಡ, ಮೊಣಕಾಲೂರಿ ಮಿಷನ್ನಿನ ಕೆಳಗೆ ತಡಕಾಡುತ್ತಾ. “ನೀನು ಪಾಸಾಗೋ ಹೊತ್ತಿಗೆ ಗಿರಾಕಿ ಕೋಟಿಗೆ ಪಿನ್ನು ಚುಚ್ಕೊಂಡು ಹೋಗ್ಬೇಕು.”

ಅದರ ಮುಂದಿನ ಸಲ ಕಪ್ಪು ಬಂದಾಗ ಮಗಳು ಅವಳ ಮಣಿಕಟ್ಟು ಹಿಡಿದಳು. ಕೈಯನ್ನು ಲೋಟದ ಮೇಲಕ್ಕೆ ತಂದು, ಬೆರಳು ಬಿಡಿಸಿ, ಗುಂಡಿಯನ್ನು ಒಳಗೆ ಬೀಳಿಸಿದಳು. ಟಣ್ ಎಂದಿತು. “ಹೀಗೆ,” ಎಂದಳು. “ಇನ್ನೊಂದು ಸಲ.” ಒಂದು ವಾರ ಪೂರ್ತಿ, ಸಂಜೆ ಹತ್ತು ಹತ್ತು ನಿಮಿಷ, ಇದೇ ಆಯಿತು. ಕೆಟ್ಟದ್ದನ್ನು ಒಳ್ಳೆಯದರ ಜೊತೆ ಹಾಕುವುದನ್ನು ನಲವತ್ತೇಳು ವರ್ಷದ ಹೆಂಗಸು ಮಗಳಿಂದ ಕಲಿತಳು. ಪ್ರತಿ ಸಲ ಟಣ್ ಎಂದಾಗ ಅವಳಿಗೆ ಏನೋ ತಪ್ಪು ಮಾಡಿದಂತೆನಿಸುತ್ತಿತ್ತು.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವಳು ಕಲಿತದ್ದನ್ನು ಪಟಾಕಿಗೆ ಹೇಳಿಕೊಡುತ್ತಿದ್ದಳು. ಪಟಾಕಿಗೆ ಭಿನ್ನರಾಶಿ ಎಂದರೆ ತಲೆನೋವು. “ಮೇಲೊಂದು ಕೆಳಗೊಂದು ಯಾಕೆ ಬರೀತಾರೆ? ಪಕ್ಕ ಪಕ್ಕ ಕೂರಿಸಿದ್ರೆ ಜಗಳ ಆಡ್ತವಾ?” ಎನ್ನುತ್ತಿದ್ದಳು. ಆದರೂ ಕಲಿತಳು. ಅವಳಿಗೂ ಕುರ್ಚಿ ಬೇಕಾಗಿತ್ತು. ಬೇಡವೆನ್ನುವವರು ಆ ಹನ್ನೊಂದರಲ್ಲಿ ಯಾರೂ ಇರಲಿಲ್ಲ.

“ಅಲ್ಲ ಅಕ್ಕಾ,” ಎಂದಳು ಒಂದು ದಿನ, ಡಬ್ಬಿ ತೊಳೆಯುತ್ತಾ. “ನೀನು ನನಗೆ ಹೇಳ್ಕೊಟ್ಟು ನಾನು ನಿನ್ನ ಮುಂದೆ ಹೋಗ್ಬಿಟ್ರೆ?”

“ಹೋಗು. ನೀನು ಕೂತಿರೋದನ್ನ ನಿಂತ್ಕೊಂಡು ನೋಡ್ತೀನಿ.”

ಪಟಾಕಿ ನಗಲಿಲ್ಲ. ಕಣ್ಣಕ್ಕನ ಮಂಡಿಯ ಕಡೆ ನೋಡಿ, ನಲ್ಲಿ ತಿರುಗಿಸಿದಳು.

ಪರೀಕ್ಷೆ ನಡೆದದ್ದು ಕ್ಯಾಂಟೀನಿನಲ್ಲಿ, ಒಂದು ಶನಿವಾರ ಬೆಳಿಗ್ಗೆ. ಮೇಜುಗಳನ್ನು ಒರೆಸಿದ್ದರೂ ಅಂಟು ಹೋಗಿರಲಿಲ್ಲ, ಉತ್ತರದ ಹಾಳೆ ಮೊಣಕೈಗೆ ಹತ್ತಿಕೊಳ್ಳುತ್ತಿತ್ತು. ಹತ್ತು ಪ್ರಶ್ನೆ, ಎರಡು ಗಂಟೆ. ಎಂಟನೆಯದರವರೆಗೆ ಕಣ್ಣಕ್ಕ ನಿಧಾನವಾಗಿ, ಒಂದೊಂದೇ ಮೆಟ್ಟಿಲು ಕಂಬಿ ಹಿಡಿದು ಹತ್ತಿದಂತೆ ಮಾಡಿದಳು. ಒಂಬತ್ತನೆಯದು ಕಷ್ಟದ್ದು. ಮೊದಲನೇ ಪೆಟ್ಟಿಗೆಯ ಹತ್ತು ಬಲ್ಬುಗಳಲ್ಲಿ ಮೂರು ಕೆಟ್ಟವು, ಎರಡನೇ ಪೆಟ್ಟಿಗೆಯ ಹತ್ತರಲ್ಲಿ ಐದು ಕೆಟ್ಟವು. ಮೊದಲನೆಯದರಿಂದ ಒಂದನ್ನು ನೋಡದೆಯೇ ಎರಡನೆಯದಕ್ಕೆ ಹಾಕಿ, ಆಮೇಲೆ ಎರಡನೆಯದರಿಂದ ಒಂದನ್ನು ತೆಗೆದರೆ ಅದು ಕೆಟ್ಟದ್ದಾಗಿರುವ ಸಂಭವನೀಯತೆ?

ನೋಡದೆಯೇ ಹಾಕಿದ ಆ ಕೆಲಸಗಾರನ ಮೇಲೆ ಅವಳಿಗೆ ಒಂದು ಕ್ಷಣ ಸಿಟ್ಟು ಬಂತು. ಆಮೇಲೆ ಎರಡು ದಾರಿ ಎಳೆದಳು. ಹಾಕಿದ್ದು ಕೆಟ್ಟದ್ದಾದರೆ ಹನ್ನೊಂದರಲ್ಲಿ ಆರು. ಒಳ್ಳೆಯದಾದರೆ ಹನ್ನೊಂದರಲ್ಲಿ ಐದು. ಒಂದೊಂದನ್ನೂ ಅದರದರ ಸಂಭವನೀಯತೆಯಿಂದ ಗುಣಿಸಿ ಕೂಡಿಸಿದಳು. ನೂರ ಹತ್ತರಲ್ಲಿ ಐವತ್ತಮೂರು.

ಹತ್ತನೆಯದಕ್ಕೆ ಬಂದಾಗ ಇಪ್ಪತ್ತು ನಿಮಿಷ ಉಳಿದಿತ್ತು. ಹತ್ತು ಬಲ್ಬುಗಳಲ್ಲಿ ಮೂರು ಕೆಟ್ಟವು. ಪ್ರತಿ ಸಲ ತೆಗೆದದ್ದನ್ನು ಮತ್ತೆ ಅದೇ ಪೆಟ್ಟಿಗೆಗೆ ಹಾಕುತ್ತಾ ಮೂರು ಸಲ ತೆಗೆದರೆ, ಸರಿಯಾಗಿ ಒಂದೇ ಸಲ ಕೆಟ್ಟದ್ದು ಸಿಗುವ ಸಂಭವನೀಯತೆ ಎಷ್ಟು?

ಅವಳು ಬರೆದಳು. ಹತ್ತರಲ್ಲಿ ಮೂರು, ಒಂಬತ್ತರಲ್ಲಿ ಏಳು, ಎಂಟರಲ್ಲಿ ಆರು. ಕೆಟ್ಟದ್ದು ಮೊದಲು, ನಡುವೆ, ಕೊನೆಗೆ, ಹೀಗೆ ಮೂರು ಬಗೆ, ಆದ್ದರಿಂದ ಮೂರರಿಂದ ಗುಣಿಸಿ ನಲವತ್ತರಲ್ಲಿ ಇಪ್ಪತ್ತೊಂದು. ಉತ್ತರದ ಕೆಳಗೆ ಗೆರೆ ಎಳೆದಳು. ಮನಸ್ಸು ಹಗುರವಾಯಿತು. ಹಾಗೆ ಹಗುರವಾದದ್ದೇ ಅನುಮಾನಕ್ಕೆ ಕಾರಣವಾಯಿತು. ಆ ಗುಂಡಿಯ ವಾರ ಪೂರ್ತಿ ಸರಿಯಾಗಿ ಮಾಡಿದಾಗಲೆಲ್ಲ ತಪ್ಪು ಮಾಡಿದಂತೆನಿಸಿತ್ತಲ್ಲ, ಈಗ ಯಾಕೆ ಇಲ್ಲ?

ಪ್ರಶ್ನೆಯನ್ನು ಬೆರಳಿಟ್ಟು ಓದಿದಳು. ಮತ್ತೆ ಅದೇ ಪೆಟ್ಟಿಗೆಗೆ.

ಎಡಗೈಯಿಂದ ತನ್ನ ಬಲ ಮಣಿಕಟ್ಟನ್ನು ತಾನೇ ಹಿಡಿದುಕೊಂಡು, ಬರೆದದ್ದನ್ನು ಹೊಡೆದು ಹಾಕಿದಳು. ಹತ್ತರಲ್ಲಿ ಮೂರು, ಹತ್ತರಲ್ಲಿ ಏಳು, ಮತ್ತೂ ಹತ್ತರಲ್ಲಿ ಏಳು. ಮೂರರಿಂದ ಗುಣಿಸಿದರೆ ಸಾವಿರದಲ್ಲಿ ನಾನೂರ ನಲವತ್ತೊಂದು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದಳು: “ನಮ್ಮಲ್ಲಿ ಕೆಟ್ಟ ಬಲ್ಬನ್ನು ಮತ್ತೆ ಹಾಕುವುದಿಲ್ಲ. ಪ್ರಶ್ನೆಯಲ್ಲಿ ಹಾಕಿ ಎಂದಿದ್ದರಿಂದ ಹಾಕಿದ್ದೇನೆ.”

ಪಟ್ಟಿ ಬಂದಾಗ ಕಣ್ಣಕ್ಕ ಮೂರನೆಯವಳು. ಪಟಾಕಿ ಐದನೆಯವಳು, ಒಂದೇ ಅಂಕದಲ್ಲಿ ಹೋಯಿತು. ಹತ್ತನೇ ಪ್ರಶ್ನೆಯಲ್ಲಿ ಪಟಾಕಿ ನಲವತ್ತರಲ್ಲಿ ಇಪ್ಪತ್ತೊಂದು ಎಂದು ಬರೆದು, ಗೆರೆ ಎಳೆದು, ಎದ್ದು ಬಂದಿದ್ದಳು.

“ನನಗೆ ವಾರವಿಡೀ ಕೈ ಹಿಡಿದು ಮಾಡಿಸಿದ್ಲು ಮಗಳು,” ಎಂದಳು ಕಣ್ಣಕ್ಕ. “ನಿನಗೆ ನಾನು ಬಾಯಲ್ಲಿ ಹೇಳ್ದೆ ಅಷ್ಟೆ.”

“ಬಿಡಕ್ಕಾ. ನಾನು ಬಾಯಿಂದ ಬದುಕೋಳು, ನಿಂತ್ಕೊಂಡೂ ಮಾತಾಡ್ಬಹುದು.” ಪಟಾಕಿ ತನ್ನ ಮೇಜಿನ ಮೇಲಿದ್ದ ಚಿಂದಿ ಬಟ್ಟೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಪ್ಯಾಕಿಂಗಿನ ಕಡೆ ನಡೆದಳು.

ಹೊಸ ಕೆಲಸ ಸೋಮವಾರ ಶುರುವಾಯಿತು. ನಾಲ್ಕು ಮೇಜು, ನಾಲ್ಕು ಕುರ್ಚಿ. ಪೆಟ್ಟಿಗೆ ಬರುತ್ತದೆ, ಐದು ತೆಗೆ, ಉರಿಸು, ಬರೆ, ಮುಂದಕ್ಕೆ ತಳ್ಳು. ಮೊದಲ ದಿನದ ಬಿಡುವಿನಲ್ಲೇ ಕಣ್ಣಕ್ಕ ಒಂದು ರಟ್ಟಿನ ತುಂಡು ತೆಗೆದುಕೊಂಡು, ಯಾರೂ ಕೇಳದಿದ್ದ ಲೆಕ್ಕವೊಂದನ್ನು ಬಿಡಿಸಲು ಕೂತಳು. ಐವತ್ತರಲ್ಲಿ ಮೂರು ಕೆಟ್ಟಿವೆ ಎನ್ನೋಣ, ಹತ್ತೊಂಬತ್ತು ವರ್ಷದಿಂದ ಕೆಂಪು ಬುಟ್ಟಿ ಹೇಳುತ್ತಿದ್ದದ್ದು ಅದನ್ನೇ. ಐದು ತೆಗೆದರೆ ಐದೂ ಒಳ್ಳೆಯದೇ ಬರುವ ಸಂಭವನೀಯತೆ ಎಷ್ಟು? ಐವತ್ತರಲ್ಲಿ ನಲವತ್ತೇಳು, ನಲವತ್ತೊಂಬತ್ತರಲ್ಲಿ ನಲವತ್ತಾರು, ಹೀಗೆ ಐದು ಭಿನ್ನರಾಶಿ ಸಾಲಾಗಿ ಬರೆದಳು. ಮೇಲಿನ ನಲವತ್ತೇಳು ಕೆಳಗಿನ ನಲವತ್ತೇಳನ್ನು ಹೊಡೆಯಿತು, ನಲವತ್ತಾರು ನಲವತ್ತಾರನ್ನು. ಉಳಿದದ್ದನ್ನು ಗುಣಿಸಿ ಭಾಗಿಸಿದರೆ, ನೂರಕ್ಕೆ ಎಪ್ಪತ್ತೆರಡು.

ಸಂಜೆ ಮಗಳಿಗೆ ತೋರಿಸಿದಳು. ಮಗಳು ಪೆನ್ಸಿಲ್ ಹಿಡಿದು ಮೇಲಿನಿಂದ ಕೆಳಗೆ ನೋಡಿ, ಕೂಗಿಕೊಂಡಳು. “ಸರಿಯಾಗಿದೆ! ಅಮ್ಮಾ, ಇದು ನಮ್ಮ ಕ್ಲಾಸಿನ ಲೆಕ್ಕ! ಅಪ್ಪಾ, ನೋಡು, ಯಾರೂ ಹೇಳ್ಕೊಡದೆ ಮಾಡಿದ್ದಾಳೆ!”

“ಸರಿಯಾಗಿದೆಯಾ?” ಎಂದಳು ಕಣ್ಣಕ್ಕ. “ಇನ್ನೊಂದು ಸಲ ನೋಡು ಮಗಾ. ಎಲ್ಲಾದ್ರೂ ತಪ್ಪಿರಬಹುದು.”

ತಪ್ಪಿರಲಿಲ್ಲ.

ಎರಡನೇ ವಾರದ ಕೊನೆಗೆ ಮೇಲ್ವಿಚಾರಕ ಹಲಗೆ ಹಿಡಿದು ಅವಳ ಮೇಜಿನ ಹತ್ತಿರ ಬಂದ. ಈ ಸಲ ಅವನು ಕಾಗದದಿಂದ ಕಣ್ಣೆತ್ತಿ ಅವಳನ್ನೇ ನೋಡಿದ.

“ಅಕ್ಕಾ, ನಿಮ್ಮ ಮೇಜಲ್ಲಿ ಏನಾಗ್ತಿದೆ? ನಿನ್ನೆ ಬೇರೆಯವರ ಹತ್ರ ನಲವತ್ತು ಪೆಟ್ಟಿಗೆಗೆ ಹತ್ತೋ ಹನ್ನೆರಡೋ ವಾಪಸ್ ಹೋಗಿವೆ. ನಿಮ್ಮ ಹತ್ರ ಮೂವತ್ತಾರು.”

“ಕೆಟ್ಟಿದ್ವು ಸಾರ್.”

“ಕೆಟ್ಟಿದ್ವು, ಒಪ್ತೀನಿ. ಆದ್ರೆ ಎಲ್ಲರಿಗೂ ಬರೋದು ಒಂದೇ ಮಾಲು. ನೀವು ಆರಿಸಿ ತೆಗೀತಿದ್ದೀರಿ.”

ಕಣ್ಣಕ್ಕ ತನ್ನ ಕೈ ನೋಡಿಕೊಂಡಳು. ಅವಳು ಬೇಕೆಂದು ಮಾಡಿದ್ದಲ್ಲ. ಪೆಟ್ಟಿಗೆಯ ಮುಚ್ಚಳ ತೆರೆದ ಕೂಡಲೇ ಕಣ್ಣು ಐವತ್ತರ ಮೇಲೂ ಒಮ್ಮೆ ಹೋಗಿ ಬರುತ್ತಿತ್ತು. ಮಸುಕು ಕಂಡದ್ದರ ಮೇಲೆ, ತಂತಿ ಓರೆಯಾದದ್ದರ ಮೇಲೆ ಕೈ ತಾನಾಗಿ ಇಳಿಯುತ್ತಿತ್ತು. ಐದು ತೆಗೆ ಎಂದಿದ್ದರು, ಅವಳು ಐದೇ ತೆಗೆದಿದ್ದಳು.

“ಕಣ್ಣಿಗೆ ಬೀಳುತ್ತೆ ಸಾರ್. ಬಿದ್ದ ಮೇಲೆ ಹೇಗೆ ಬಿಡೋದು?” ಎಂದಳು. ಆಮೇಲೆ ರಟ್ಟಿನ ಚೂರನ್ನು ಡ್ರಾಯರಿನಿಂದ ತೆಗೆದು ಮುಂದಿಟ್ಟಳು. “ಕಣ್ಣು ಮುಚ್ಚಿ ತೆಗೆದ್ರೆ, ಮೂರು ಕೆಟ್ಟಿರೋ ಪೆಟ್ಟಿಗೆ ನೂರಕ್ಕೆ ಎಪ್ಪತ್ತೆರಡು ಸಲ ಪಾಸಾಗುತ್ತೆ ಸಾರ್. ಲೆಕ್ಕ ಮಾಡಿದ್ದೀನಿ.”

ಮೇಲ್ವಿಚಾರಕ ರಟ್ಟನ್ನು ಎತ್ತಿಕೊಂಡು ಪೂರ್ತಿ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಅವನೂ ದಣಿದಿದ್ದಾನೆ ಎಂದು ಕಣ್ಣಕ್ಕನಿಗೆ ಆಗಲೇ ಗೊತ್ತಾದದ್ದು.

“ಸರಿಯಾಗಿದೆ,” ಎಂದ. “ಮೇಲಿನವರಿಗೂ ಇದು ಗೊತ್ತು ಅಕ್ಕಾ. ಕೆಟ್ಟದ್ದು ಹೋದ್ರೆ ಅಂಗಡಿಯವರು ಬದಲಾಯಿಸಿ ಕೊಡ್ತಾರೆ, ಅಷ್ಟೇ ಸಾಕು ಅಂತ ತೀರ್ಮಾನ ಆಗಿದೆ. ನಿಮ್ಮ ಮೇಜೊಂದೇ ಹೀಗಾದ್ರೆ ಲೈನು ನಿಂತುಹೋಗುತ್ತೆ. ಇನ್ನೊಂದು ವಾರ ನೋಡ್ತೀನಿ. ಆಮೇಲೆ ಐದನೆಯವರನ್ನ ಕರೀಬೇಕಾಗುತ್ತೆ.”

ಐದನೆಯವಳು ಪಟಾಕಿ. ಇಪ್ಪತ್ತು ಹೆಜ್ಜೆ ಆಚೆ, ಸಿಮೆಂಟು ನೆಲದ ಮೇಲೆ ನಿಂತು ಪೆಟ್ಟಿಗೆಗೆ ಟೇಪು ಎಳೆಯುತ್ತಿದ್ದಳು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಿದ್ದಳು.

ಕಣ್ಣಕ್ಕ ಮೂರು ದಿನ ಪ್ರಯತ್ನಪಟ್ಟಳು. ಕಣ್ಣು ಮುಚ್ಚಿ ತೆಗೆಯಲು ನೋಡಿದಳು. ಎರಡು ಬಲ್ಬು ಒಡೆದವು. ಗೋಡೆ ನೋಡುತ್ತಾ ತೆಗೆದಳು. ಮುಚ್ಚಳ ತೆರೆಯುವಾಗಲೇ ಕಣ್ಣು ತನ್ನ ಕೆಲಸ ಮುಗಿಸಿರುತ್ತಿತ್ತು. ಮೂರನೇ ಸಂಜೆ ಮನೆಗೆ ಬಂದು, ಕಾಲು ಚಾಚಿ ಕೂತು, ಗಂಡನಿಗೆ ಹೇಳಿದಳು.

“ರೀ, ನನಗೊಂದು ಹೊದಿಕೆ ಹೊಲಿದು ಕೊಡಿ. ಪೆಟ್ಟಿಗೆ ಮೇಲೆ ಹಾಕೋಕೆ. ಕೈ ಹೋಗೋಷ್ಟು ಒಂದು ತೋಳು ಇರ್ಲಿ. ಒಳಗೆ ಏನೂ ಕಾಣಬಾರದು.”

ಗಂಡ ಟೇಪು ತೆಗೆದು, “ಪೆಟ್ಟಿಗೆ ಅಳತೆ ಹೇಳು,” ಎಂದ.

ಉದ್ದ, ಅಗಲ ಹೇಳಿದಳು. ಅವಳಿಗೆ ಅದು ಬಾಯಿಪಾಠ. ಅವನು ದಪ್ಪ ಕಪ್ಪು ಬಟ್ಟೆ ಕತ್ತರಿಸಿದ. ಮೂಲೆಗಳಿಗೆ ದಾರ ಕೊಟ್ಟ, ನಡುವೆ ಅರ್ಧ ತೋಳು ಕೂರಿಸಿದ, ತೋಳಿನ ಬಾಯಿಗೆ ಎಲಾಸ್ಟಿಕ್ ಹಾಕಿದ. ಮಗಳು ಪುಸ್ತಕದಿಂದ ತಲೆಯೆತ್ತಿ ನೋಡಿದಳು.

“ಇದೇನಮ್ಮಾ?”

“ಯಾದೃಚ್ಛಿಕವಾಗಿ,” ಎಂದಳು ಕಣ್ಣಕ್ಕ. ಈ ಸಲ ನಾಲಿಗೆ ಒಂದಿಷ್ಟೂ ತೊಡರಲಿಲ್ಲ.

ಮಗಳು ನಗಲು ಹೊರಟವಳು ತಾಯಿಯ ಮುಖ ನೋಡಿ ಮತ್ತೆ ಪುಸ್ತಕಕ್ಕೆ ತಲೆ ಬಗ್ಗಿಸಿದಳು.

ಮರುದಿನ ಪೆಟ್ಟಿಗೆ ಬಂದಾಗ ಕಣ್ಣಕ್ಕ ಅದರ ಮೇಲೆ ಹೊದಿಕೆ ಹಾಕಿ, ಅದರ ಕೆಳಗೇ ಮುಚ್ಚಳ ಬಿಚ್ಚಿ, ತೋಳಿನೊಳಗೆ ಕೈ ತೂರಿಸಿದಳು. ಮೇಲ್ವಿಚಾರಕ ದೂರದಿಂದ ನೋಡಿ, ಹಲಗೆಯ ಮೇಲೆ ಏನೋ ಬರೆದುಕೊಂಡು ಹೋದ. ಸಂಜೆಯ ಹೊತ್ತಿಗೆ ನಲವತ್ತು ಪೆಟ್ಟಿಗೆಗೆ ಹನ್ನೊಂದು ವಾಪಸು. ನೂರಕ್ಕೆ ಎಪ್ಪತ್ತೆರಡು ಪಾಸು ಎಂದು ಅವಳ ರಟ್ಟಿನ ಮೇಲಿನ ಲೆಕ್ಕ ಹೇಳಿದ್ದೂ ಹೆಚ್ಚುಕಡಿಮೆ ಅಷ್ಟೇ. ಕುರ್ಚಿ ಉಳಿಯಿತು. ಮಂಡಿ ಅಂದು ಅಷ್ಟಾಗಿ ಊದಿರಲಿಲ್ಲ.

ಪಟಾಕಿ ಖಾಲಿ ರಟ್ಟು ಒಯ್ಯಲು ಬಂದವಳು ಕಪ್ಪು ಹೊದಿಕೆ ನೋಡಿ ನಿಂತಳು. “ಇದೇನಕ್ಕಾ, ಬಲ್ಬಿಗೆ ರವಿಕೆ?”

“ನಿಮ್ಮ ಭಾವ ಹೊಲಿದದ್ದು.”

“ಚೆನ್ನಾಗಿ ಕೂತಿದೆ ಬಿಡು. ನನಗೊಂದು ಹೊಲಿಸ್ಕೊಡು, ಮುಖದ ಮೇಲೆ ಹಾಕ್ಕೋತೀನಿ.” ಹಾಗೆಂದು, ಒಂದು ರಟ್ಟಿನ ಚೂರು ಹರಿದು ಮಡಚಿ, ಬಗ್ಗಿ ಕುರ್ಚಿಯ ನಾಲ್ಕನೇ ಕಾಲಿನ ಕೆಳಗೆ ತುರುಕಿದಳು. ಕಟಕ್ ಸದ್ದು ನಿಂತಿತು. “ಬೆಳಿಗ್ಗೆಯಿಂದ ಅಲ್ಲಿವರೆಗೂ ಕೇಳಿಸ್ತಿತ್ತು,” ಎಂದು ಹೋದಳು.

ಮುಂದಿನ ಪೆಟ್ಟಿಗೆ ಬಂತು. ಕಣ್ಣಕ್ಕ ಕೈ ತೂರಿಸಿ ಒಂದು ತೆಗೆದಳು, ಉರಿಯಿತು. ಎರಡು, ಮೂರು, ನಾಲ್ಕು, ಐದು, ಎಲ್ಲವೂ ಉರಿದವು. ಐದನ್ನೂ ಮರಳಿ ಒಳಗೆ ಇಟ್ಟಳು. ಇಟ್ಟ ಮೇಲೂ ಕೈ ಬಟ್ಟೆಯ ಕೆಳಗೇ ಉಳಿಯಿತು. ಬೆರಳಿಗೆ ಇನ್ನೊಂದು ಬಲ್ಬು ತಾಗಿತ್ತು. ಅದನ್ನು ಅವಳು ಎತ್ತಲಿಲ್ಲ, ಅಲ್ಲಾಡಿಸಲಿಲ್ಲ. ಗಾಜಿನ ತಣ್ಣನೆಯ ಮೈಯನ್ನು ಬೆರಳಿನಿಂದ ಒಮ್ಮೆ ಸವರಿದಳು. ಆಮೇಲೆ ಖಾಲಿ ಕೈ ಹೊರಗೆ ತೆಗೆದು, ಪಾಸು ಎಂದು ಬರೆದು, ಪೆಟ್ಟಿಗೆಯನ್ನು ಪಟಾಕಿಯ ಕಡೆಗೆ ತಳ್ಳಿದಳು.